ಚತುರ್ದಶಿಯ ಎಡೆ

2003ರ ಮಾರ್ಚ್ 1, ಶನಿವಾರ, ಸಂಜೆ 4.40. ಮ್ಯಾಂಚೆಸ್ಟರಿನ ಒಂದು ಪೊಲೀಸ್ ಠಾಣೆಗೆ ಅರಿಸ್ತೀದಿಸ್ ಎಂಬ ಎಪ್ಪತ್ತೊಂದು ವರ್ಷದ ಗ್ರೀಕ್ ಮುದುಕ ಬಂದು, ಸತ್ತವನೊಬ್ಬ ತಮ್ಮ ಕಟ್ಟೆಯ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದಾನೆ ಎಂದು ದೂರು ಕೊಟ್ಟ. ದೆವ್ವದ ಮೇಲೆ ಯಾವ ಕಲಂ ಹಾಕುವುದು? ಕಾನ್‌ಸ್ಟೇಬಲ್ ಬ್ರೆಂಡನ್ ತಲೆ ಕೆರೆದುಕೊಂಡು ‘ಅತಿಕ್ರಮ ಪ್ರವೇಶ’ ಎಂದು ಬರೆದ. ನಮ್ಮ ಕಡೆ ಎಫ್‌ಐಆರ್ ಎನ್ನುತ್ತೇವೆ. ಅಲ್ಲಿ ಒಂದು ನಂಬರ್ ಕೊಟ್ಟು ಮನೆಗೆ ಕಳಿಸುತ್ತಾರೆ. ಮುದುಕ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಇನ್ಸ್‌ಪೆಕ್ಟರ್ ಹಂಸಾ ಬಾಲಕೃಷ್ಣ ಒಳಗಿನಿಂದ ಬಂದಳು. ಎಂಟನೇ ವಯಸ್ಸಿಗೆ ಮೈಸೂರಿನಿಂದ ಬಂದವಳು, ಈಗ ನಲವತ್ತರ ಹತ್ತಿರ.

“ಎಲ್ಲಿ?” ಎಂದಳು.

“ಕಿಯೋಸ್ ಕಟ್ಟೆ. ನಾನೇ ಅಲ್ಲಿನ ಕಾವಲುಗಾರ.”

ಕಾಲುವೆ ದಂಡೆಯ ಆ ಜಾಗ ಅವಳಿಗೆ ಗೊತ್ತಿತ್ತು. ಹತ್ತಿ ವ್ಯಾಪಾರಕ್ಕೆಂದು ಕಿಯೋಸ್ ದ್ವೀಪದಿಂದ ಬಂದ ಗ್ರೀಕರು ನೂರೈವತ್ತು ವರ್ಷದ ಹಿಂದೆ ಸರಕು ಇಳಿಸಲು ಕಟ್ಟಿದ ಕಟ್ಟೆ. ಬಾಗಿಲುಗಳ ಮೇಲೆ ಗ್ರೀಕ್ ಅಕ್ಷರ, ಕೈಯಗಲದ ಒಂದು ಪ್ರಾರ್ಥನಾ ಮನೆ, ನೀರಿಗಿಳಿಯುವ ಹನ್ನೊಂದು ಮೆಟ್ಟಿಲು. ಭಾನುವಾರ ಜನ ನೋಡಲು ಬರುತ್ತಿದ್ದರು. ನವೆಂಬರಿನಲ್ಲಿ ಅಲ್ಲೊಂದು ಹೆಣ ಸಿಕ್ಕ ಮೇಲೆ ಬರುವವರು ಕಡಿಮೆಯಾದರು.

5.25ಕ್ಕೆ ಮೂವರೂ ಕಟ್ಟೆಯಲ್ಲಿದ್ದರು. ಮೆಟ್ಟಿಲುಗಳ ತಲೆಯಲ್ಲಿದ್ದ ಮೊಣಕಾಲೆತ್ತರದ ಕಬ್ಬಿಣದ ಗೇಟಿಗೆ ಬೀಗ ಹಾಗೇ ಇತ್ತು, ಯಾರೋ ದಾಟಿ ಹೋಗಿದ್ದರು. ಏಳನೇ ಮೆಟ್ಟಿಲ ಮೇಲೆ ಸೂಪರ್‌ಮಾರ್ಕೆಟ್ಟಿನ ಫಾಯಿಲ್ ತಟ್ಟೆ. ಅದರಲ್ಲಿ ಮೂರು ಅನ್ನದುಂಡೆ, ಮೇಲೆ ಕರಿ ಎಳ್ಳು. ಒಂದು ಉಂಡೆಯನ್ನು ಬಾತುಕೋಳಿ ಅರ್ಧ ತಿಂದಿತ್ತು. ಬ್ರೆಂಡನ್ ಫೋಟೋ ತೆಗೆದು, ಅಳತೆ ಬರೆದು, ಮುದುಕನಿಂದ ಸಹಿ ಹಾಕಿಸಿದ. ನಮ್ಮ ಲೆಕ್ಕದಲ್ಲಿ ಪಂಚನಾಮೆ ಮುಗಿಯಿತು.

ಹಂಸಾಳಿಗೆ ಅದು ಪಿಂಡ ಎಂದು ನೋಡುತ್ತಲೇ ಗೊತ್ತಾಯಿತು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು, ಅದನ್ನು ಬ್ರೆಂಡನ್‌ಗೆ ಹೇಳಲಿಲ್ಲ.

“ಇದು ಸತ್ತವರಿಗೆ ಅಂತ ನಿಮಗೆ ಹೇಗೆ ಗೊತ್ತು?” ಎಂದು ಮುದುಕನನ್ನು ಕೇಳಿದಳು.

“ಇವತ್ತು ನಮ್ಮಲ್ಲಿ ಸತ್ತವರ ಶನಿವಾರ. ನಾವು ಗೋಧಿ ಬೇಯಿಸಿ ಸಕ್ಕರೆ ಹಾಕಿ ಇಡ್ತೀವಿ. ಅದನ್ನಿಡೋಕೇ ಬಂದೆ. ನೋಡಿದರೆ ನನಗಿಂತ ಮುಂಚೆ ಯಾರೋ ಇಟ್ಟಿದ್ದಾರೆ.”

“ಇದೇ ಮೊದಲಾ?”

ಮುದುಕ ಜೇಬಿನ ಡೈರಿ ತೆಗೆದ. ಡಿಸೆಂಬರ್ 2, ಜನವರಿ 1, ಜನವರಿ 30, ಇವತ್ತು. “ಹಿಂದಿನ ಮೂರು ಸಲ ಹಕ್ಕಿ ತಿಂದು ಬರೀ ತಟ್ಟೆ ಉಳಿದಿತ್ತು. ನೀರಲ್ಲಿ ಸತ್ತನಲ್ಲ, ನಿಮ್ಮ ದೇಶದ ಹುಡುಗ, ಅವನೇ ಬಂದು ತಿಂತಾನೆ ಅಂದುಕೊಂಡೆ.”

ಸೋಮವಾರ ಬೆಳಿಗ್ಗೆ ಹಂಸಾ ಹಳೆಯ ಫೈಲ್ ತರಿಸಿದಳು. ಮೃತ: ವಿನಾಯಕ, 23, ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಎಂ.ಎಸ್‌ಸಿ. 2002ರ ನವೆಂಬರ್ 3, ಭಾನುವಾರ, ಕನ್ನಡ ಸಂಘದ ದೀಪಾವಳಿ ಪ್ರವಾಸಕ್ಕೆಂದು ಕಿಯೋಸ್ ಕಟ್ಟೆಗೆ ಬಂದಿದ್ದ. ನವೆಂಬರ್ 7, ಗುರುವಾರ, ಹೆಣ ಸಿಕ್ಕಿತು. ಪ್ರವಾಸದ ಉಸ್ತುವಾರಿ ವಹಿಸಿದ್ದ ಕುಟುಂಬ ವೈದ್ಯ ಡಾ. ಸುಬ್ರಹ್ಮಣ್ಯ ಅವರ ಹೇಳಿಕೆ: “ಭಾನುವಾರ ಸಂಜೆ 5.05ಕ್ಕೆ ಅವನನ್ನು ರೈಲ್ವೆ ಸ್ಟೇಷನ್ನಿನ ಮುಂದೆ ಇಳಿಸಿದೆ. ತುಂಬ ಖಿನ್ನನಾಗಿದ್ದ.” ಆಮೇಲೆ ನಾಲ್ಕು ದಿನಗಳಲ್ಲಿ ಯಾವಾಗಲೋ ಮತ್ತೆ ಬಂದು ನೀರಿಗೆ ಬಿದ್ದಿರಬೇಕು, ಹೇಗೆಂದು ಹೇಳಲಾಗದು ಎಂದು ಸಾವಿನ ವಿಚಾರಣೆ ನಡೆಸುವ ಕೊರೋನರ್ ಮುಗಿಸಿದ್ದರು. ಜನ ಮಾತ್ರ ಹಾರಿಕೊಂಡ ಎಂದೇ ಮುಗಿಸಿದ್ದರು.

ಫೈಲಿನ ಹಿಂದೆ ಮೈಸೂರಿನ ತಾಯಿ ಜಲಜಾ ಬರೆದ ಮೂರು ಪತ್ರಗಳಿದ್ದವು. ಮೂರರಲ್ಲೂ ಒಂದೇ ಪ್ರಶ್ನೆ: ನನ್ನ ಮಗ ಹಾರಿಕೊಂಡನೇ, ಬಿದ್ದನೇ? ಯಾರೂ ಉತ್ತರ ಬರೆದಿರಲಿಲ್ಲ. ಹಂಸಾಳಿಗೆ ತನ್ನ ಇಲಾಖೆಯ ಮೇಲೇ ಸಿಟ್ಟು ಬಂತು.

“ಕ್ಯಾಲೆಂಡರಿನಲ್ಲಿ ಏನೂ ಲೆಕ್ಕ ಸಿಗ್ತಿಲ್ಲ ಮೇಡಂ,” ಎಂದ ಬ್ರೆಂಡನ್. “ಸೋಮವಾರ, ಬುಧವಾರ, ಗುರುವಾರ, ಶನಿವಾರ. ಹುಚ್ಚನೇ ಇರಬೇಕು.”

ಆ ಸಂಜೆ ಹಂಸಾ ವಿದನ್‌ಶಾ ಬಡಾವಣೆಯಲ್ಲಿದ್ದ ತಾಯಿಯ ಮನೆಗೆ ಹೋದಳು. ರತ್ನಮ್ಮ ಅಡುಗೆಮನೆಯಲ್ಲಿ ಸಂಘದ ಪಂಚಾಂಗ ಕ್ಯಾಲೆಂಡರ್ ನೇತುಹಾಕಿದ್ದರು. ಹಂಸಾ ತಾರೀಖುಗಳನ್ನು ಓದಿದಳು. ರತ್ನಮ್ಮ ಕನ್ನಡಕ ಏರಿಸಿ, ಡಬ್ಬಿಯಿಂದ ಹಳೇ ವರ್ಷದ್ದನ್ನೂ ತೆಗೆದು ಬೆರಳಾಡಿಸಿದರು.

“ಎಲ್ಲಾ ಬಹುಳ ಚತುರ್ದಶಿ ಕಣೇ. ಅಮಾವಾಸ್ಯೆ ಹಿಂದಿನ ತಿಥಿ. ಯಾರೋ ಮಾಸಿಕ ಮಾಡ್ತಿದ್ದಾರೆ.”

“ಮಾಸಿಕ ಅಂದ್ರೆ?”

“ಅಯ್ಯೋ, ಪೊಲೀಸಮ್ಮ! ಸತ್ತ ಮೇಲೆ ಒಂದು ವರ್ಷ, ಪ್ರತಿ ತಿಂಗಳು ಅದೇ ತಿಥೀಲಿ ಪಿಂಡ ಇಡ್ತಾರಲ್ಲ. ಇಂಗ್ಲಿಷ್ ತಾರೀಖು ನೋಡಲ್ಲ.”

“ನವೆಂಬರ್ 3?”

“ನರಕ ಚತುರ್ದಶಿ. ಅವತ್ತೇ ಅಲ್ವಾ ಸಂಘದವರೆಲ್ಲ ಪಿಕ್ನಿಕ್ ಹೋಗಿದ್ದು?”

ಹಂಸಾ ಕ್ಯಾಲೆಂಡರಿನ ಮುಂದೆ ನಿಂತೇ ಇದ್ದಳು. ಅವತ್ತು ಅವಳೂ ಹೋಗಬೇಕಿತ್ತು, ಡ್ಯೂಟಿ ಎಂದು ತಪ್ಪಿಸಿಕೊಂಡಿದ್ದಳು.

ಮಾರನೆಯ ದಿನ ಮೈಸೂರಿಗೆ ಫೋನ್ ಮಾಡಿದಳು.

“ಅಮ್ಮಾ, ವಿನಾಯಕನ ಮಾಸಿಕ ಯಾವ ತಿಥೀಲಿ ಮಾಡ್ತೀರಿ?”

“ತದಿಗೆ ದಿನ,” ಎಂದರು ಜಲಜಾ. “ಹೋದ ದಿನ ಗೊತ್ತಿಲ್ಲವಲ್ಲಮ್ಮ. ಸಿಕ್ಕಿದ ದಿನಾನೇ ಇಟ್ಟುಕೊಳ್ಳಿ ಅಂದ್ರು ಪುರೋಹಿತರು. ಹಾರಿಕೊಂಡೋರಿಗೆ ಅಷ್ಟು ಸಾಕು ಅಂದ್ರು. ನಮ್ಮಣ್ಣ ಮಾಡ್ತಾನೆ.”

“ಇಲ್ಲಿ ಯಾರಿಗಾದ್ರೂ ಮಾಡೋಕೆ ಹೇಳಿದ್ರಾ?”

“ಅಲ್ಲಿ ನಂಗೆ ಯಾರಿದ್ದಾರೆ?”

ಹಂಸಾ ಫೋನ್ ಇಟ್ಟು ಬ್ರೆಂಡನ್‌ಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಹೆತ್ತ ತಾಯಿಗೆ ಗೊತ್ತಿಲ್ಲದ ತಿಥಿ ಇಲ್ಲಿ ಒಬ್ಬರಿಗೆ ಗೊತ್ತು. ಪ್ರವಾಸದ ಆ ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಅಮಾವಾಸ್ಯೆ ಹುಟ್ಟಿತ್ತು. ಐದಕ್ಕೆ ರೈಲು ಹತ್ತಿದ ಹುಡುಗ ಇನ್ನೊಂದು ದಿನ ಬಂದು ಸತ್ತಿದ್ದರೆ ತಿಥಿ ಬೇರೆಯಾಗುತ್ತಿತ್ತು. ಚತುರ್ದಶಿ ಎಂದು ಪಿಂಡ ಇಡುವವನು ಆ ಸಾವನ್ನು ಕಣ್ಣಾರೆ ಕಂಡವನು.

“ಕೋರ್ಟು ಚಂದ್ರನ ಸಾಕ್ಷಿ ತಗೊಳ್ಳುತ್ತಾ ಮೇಡಂ?”

“ಇಲ್ಲ. ಅದಕ್ಕೇ ಕಾಯಬೇಕು.”

ಮುಂದಿನ ಚತುರ್ದಶಿ ಮಾರ್ಚ್ 31, ಸೋಮವಾರ. ಮಧ್ಯಾಹ್ನ 12ಕ್ಕೇ ಇಬ್ಬರೂ ಪ್ರಾರ್ಥನಾ ಮನೆಯೊಳಗೆ ಕೂತರು. ಒಳಗೆ ಮೇಣ, ಹಳೇ ಮರದ ವಾಸನೆ. ಕಿಟಕಿಯಲ್ಲಿ ಮೆಟ್ಟಿಲು ಕಾಣುತ್ತಿತ್ತು, ಕೆಳಗೆ ಕದಡದ ಕಪ್ಪು ನೀರು. ಎರಡು ಸಲ ಹಂಸಾಳಿಗೆ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ ಎನ್ನಿಸಿ ಎದ್ದು ನಿಂತಳು. ಯಾರೂ ಇರಲಿಲ್ಲ. ಬ್ರೆಂಡನ್ ಕೂಡ ಅವತ್ತು ತಮಾಷೆ ಮಾಡಲಿಲ್ಲ.

2.35ಕ್ಕೆ ಕೋಟು ಹಾಕಿದ್ದ ಒಬ್ಬರು ಗೇಟು ದಾಟಿದರು. ಏಳನೇ ಮೆಟ್ಟಿಲಲ್ಲಿ ಶೂ ಬಿಚ್ಚಿ, ಆ ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ಕೂತು, ತಟ್ಟೆ ಇಟ್ಟು, ಎಳ್ಳುನೀರು ಬಿಟ್ಟರು. ಹಂಸಾ ಮುಗಿಯುವವರೆಗೂ ಕಾದಳು. ಅಷ್ಟು ಹೊತ್ತು ಕಾಯಬೇಕೆಂದು ಯಾವ ನಿಯಮವೂ ಇಲ್ಲ.

“ಸುಬ್ರಹ್ಮಣ್ಯ ಅಂಕಲ್.”

ಡಾಕ್ಟರು ತಿರುಗಿದರು. ಓಡಲಿಲ್ಲ. ಸುಳ್ಳು ಹೇಳಿಕೆ ಕೊಟ್ಟು ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪವನ್ನು ಬ್ರೆಂಡನ್ ಓದಿ, ಏನೂ ಹೇಳಬೇಕಾಗಿಲ್ಲ ಎಂದು ಎಚ್ಚರಿಸಿದ. ಸಮಯ 2.58. ಅವರು ಹೇಳಿಯೇ ಬಿಟ್ಟರು.

“ಗೇಟು ದಾಟಲ್ಲ ಅಂತ ಸಂಘದ ಪರವಾಗಿ ಸಹಿ ಹಾಕಿದ್ದೋನು ನಾನೇ. ಮನೆಗೆ ಕಳಿಸೋಕೆ ಒಳ್ಳೇ ಫೋಟೋ ಬೇಕು ಅಂಕಲ್ ಅಂದ. ಬಾರೋ ಅಂತ ಕರಕೊಂಡು ಇಳಿದೆ. ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗು ಅಂದೆ. ಪಾಚಿ. ಜಾರಿಬಿಟ್ಟ.”

“ಕೂಗಲಿಲ್ವಾ? ಮೇಲೆ ನಲವತ್ತು ಜನ ಟೀ ಕುಡೀತಿದ್ರು.”

“ನನಗೆ ಈಜು ಬರಲ್ಲಮ್ಮ. ಕೂಗಿದ್ರೆ ನನ್ನ ಡಾಕ್ಟರ್ ರಿಜಿಸ್ಟ್ರೇಷನ್ ಏನಾಗುತ್ತೆ, ಇಪ್ಪತ್ತಾರು ವರ್ಷದ ಹೆಸರು ಏನಾಗುತ್ತೆ ಅಂತ ಯೋಚಿಸಿದೆ. ಸ್ವಲ್ಪ ಹೊತ್ತು ಅಷ್ಟೇ. ನೀರು ತಣ್ಣಗಿದ್ರೆ ಜೀವ ಎಷ್ಟು ಹೊತ್ತಿರುತ್ತೆ ಅಂತ ಡಾಕ್ಟರಿಗೆ ಗೊತ್ತಿರುತ್ತಲ್ಲ. ಆಮೇಲೆ ಕೂಗೋಕೆ ಏನೂ ಉಳಿದಿರಲಿಲ್ಲ.”

“ಖಿನ್ನನಾಗಿದ್ದ ಅಂತ ಯಾಕೆ ಹೇಳಿದ್ರಿ?”

ಡಾಕ್ಟರು ಬಗ್ಗಿ ಶೂ ಹಾಕಿಕೊಂಡರು. ಅವತ್ತಿನ ಕ್ಯಾಮೆರಾ ಮನೆಯ ಬೀರುವಿನಲ್ಲಿದೆ, ಫಿಲ್ಮ್ ರೋಲ್ ತೊಳೆಸಿಲ್ಲ ಎಂದರು. ಏಪ್ರಿಲ್ 2ರಂದು ಠಾಣೆಯವರು ತೊಳೆಸಿದಾಗ ಕೊನೆಯ ಚಿತ್ರದಲ್ಲಿ ವಿನಾಯಕ ಹತ್ತನೇ ಮೆಟ್ಟಿಲ ಮೇಲೆ ಬಾಯ್ತುಂಬ ನಗುತ್ತಿದ್ದ. ಕೈಗಡಿಯಾರದಲ್ಲಿ 3.20. ಪರಿಚಯದವರೆಂಬ ಕಾರಣಕ್ಕೆ ಹಂಸಾ ಅಂದೇ ಕೇಸನ್ನು ಬೇರೆ ಅಧಿಕಾರಿಗೆ ಒಪ್ಪಿಸಿದಳು. ಡಾಕ್ಟರನ್ನು ದೆವ್ವದಂತೆ ಕಾಡಿದ್ದು ಹೆದರಿಕೆಯೋ ಪಾಪವೋ ಎಂದು ವರದಿಯಲ್ಲಿ ಬರೆಯಲು ಕಾಲಂ ಇರಲಿಲ್ಲ.

ಒಂದು ಫೋನ್ ಮಾತ್ರ ತಾನೇ ಮಾಡುತ್ತೇನೆಂದು ಉಳಿಸಿಕೊಂಡಿದ್ದಳು.

“ಅಮ್ಮಾ, ಅವನು ಹಾರಿಕೊಂಡಿಲ್ಲ. ಕಾಲು ಜಾರಿ ಬಿದ್ದಿದ್ದು. ಭಾನುವಾರ, ಚತುರ್ದಶಿ.”

“ನಂಗೆ ಗೊತ್ತಿತ್ತು,” ಎಂದರು ಜಲಜಾ. ಮರುಕ್ಷಣವೇ ಗಾಬರಿಯಾದರು. “ಅಯ್ಯೋ ದೇವರೇ, ಹಾಗಾದ್ರೆ ನಾವು ಮಾಡಿದ್ದೆಲ್ಲ ತಪ್ಪು ದಿನ! ಇಷ್ಟು ತಿಂಗಳು ನನ್ನ ಮಗು ಹಸಿದುಕೊಂಡೇ ಇತ್ತಾ?”

“ಇಲ್ಲಮ್ಮ. ಇಲ್ಲಿ ಒಬ್ರು ಪ್ರತಿ ತಿಂಗಳು ತಪ್ಪದೆ ಇಟ್ಟಿದ್ದಾರೆ.”

“ಅವರ ಹೊಟ್ಟೆ ತಣ್ಣಗಿರಲಿ,” ಎಂದು ಜಲಜಾ ಅತ್ತುಬಿಟ್ಟರು. “ಯಾರಮ್ಮ ಆ ಪುಣ್ಯಾತ್ಮ?”

ಹಂಸಾ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಹೆಸರು ಹೇಳಿದಳು.