ಹಕ್ಕುದಾರರು ಯಾರೂ ಇಲ್ಲ

“ಅತ್ತೆ ಈ ಮನೇಲಿರೋದು ತೊಂದರೆ ಅಲ್ಲ ಭಾವ, ರೇಷನ್ ಕಾರ್ಡಲ್ಲಿರೋದೇ ತೊಂದರೆ!”

ಹೀಗೆಂದು ರವಿಕಿರಣ್ ಕಾಫಿ ಲೋಟವನ್ನು ಟಪ್ಪನೆ ನೆಲಕ್ಕಿಟ್ಟ. ಆ ಸದ್ದು ಪರದೆಯಾಚೆ ಮಂಚದ ಮೇಲೆ ಮಲಗಿದ್ದ ಗೋದಾಬಾಯಿಯವರ ಎದೆಗೇ ಬಡಿದಂತಾಯಿತು. ತ್ರಿಪ್ಲಿಕೇನಿನ ಆ ಮಹಡಿಮನೆಯಲ್ಲಿ ಇದ್ದುದೇ ಎರಡು ಕೋಣೆ, ನಡುವೆ ಒಂದು ಹಳೆಯ ಸೀರೆಯ ಪರದೆ. ಪರದೆ ಕಣ್ಣಿಗೆ ಮರೆ, ಕಿವಿಗಲ್ಲವಲ್ಲ! ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ಉಳಿದದ್ದೂ ಕಿವಿಯೊಂದೇ.

ರವಿಕಿರಣ್ ಆ ಮನೆಯ ಸೊಸೆ ಸಂಹಿತಾಳ ಅಣ್ಣ. ಸೌಕಾರ್‌ಪೇಟೆಯ ಸಗಟು ಅಂಗಡಿಗಳಿಗೆ ಲೈಸೆನ್ಸು ಮಾಡಿಸಿಕೊಡುವವನು. ಯಾವ ಕಚೇರಿಯ ಯಾವ ಮೇಜಿನಲ್ಲಿ ಯಾರು ಕೂರುತ್ತಾರೆಂಬುದು ಅವನಿಗೆ ಬಾಯಿಪಾಠ. ಯಾರ ಮನೆಯಲ್ಲಿ ಯಾರು ಅಳುತ್ತಾರೆಂಬುದು ಮಾತ್ರ ಅವನಿಗೆ ಬೇಡದ ವಿಷಯ.

“ನೋಡಿ, ಇರೋದು ಮೂರೇ ದಾರಿ. ದುಡ್ಡು ಕೊಟ್ಟು ಇಡೋ ಹೋಮು, ತಿಂಗಳಿಗೆ ಇಪ್ಪತ್ತೆಂಟು ಸಾವಿರ. ನಿಮ್ಮ ಕೈಲಾಗಲ್ಲ. ಎರಡನೇದು ಸರ್ಕಾರದ ವೃದ್ಧಾಪ್ಯ ಪೆನ್ಷನ್. ಬಂದ್ರೂ ಆಯಾಗೆ ಎರಡು ದಿನದ ಕೂಲಿ! ಮೂರನೇದು, ತಾಂಬರಂ ಆಚೆ ಒಂದು ಟ್ರಸ್ಟಿನ ಹೋಮ್ ಇದೆ. ಸರ್ಕಾರದಿಂದ ಗ್ರಾಂಟು ಬರುತ್ತೆ. ಊಟ, ಔಷಧಿ, ನರ್ಸು ಎಲ್ಲಾ ಫ್ರೀ. ಹಾಸಿಗೆ ಹಿಡಿದವರನ್ನೂ ತೊಗೋತಾರೆ. ಒಂದು ಬೆಡ್ ಖಾಲಿಯಾಗಿದೆಯಂತೆ.”

“ಖಾಲಿಯಾಗಿದೆ ಅಂದ್ರೆ?” ಸಂಹಿತಾ ಮೆಲ್ಲಗೆ ಕೇಳಿದಳು.

“ಅಂಥಾ ಕಡೆ ಬೆಡ್ಡು ಹೇಗೆ ಖಾಲಿಯಾಗುತ್ತೆ ಅಂತ ನಾನೇ ಬಾಯಿಬಿಟ್ಟು ಹೇಳ್ಬೇಕೇನೇ?”

ಅವನೇ ಮುಂದುವರಿಸಿದ. “ಆದ್ರೆ ಆ ಬೆಡ್ಡು ದಿಕ್ಕಿಲ್ಲದವರಿಗೆ ಮಾತ್ರ. ಮಗ, ಮಗಳು ಇದ್ರೆ ಇಲ್ಲ.”

“ಅಮ್ಮನಿಗೆ ನಾನಿದ್ದೀನಲ್ಲೋ ರವಿ!” ಸಂಹಿತಾಳ ಗಂಡ ಗುರುಚರಣ ಕೂತಲ್ಲಿಂದ ಎದ್ದು ನಿಂತ.

“ಅದೇ ಭಾವ ನಾನು ಹೇಳ್ತಿರೋದು. ನೀವೇನು ಅವರ ಹೊಟ್ಟೇಲಿ ಹುಟ್ಟಿದೋರಾ? ನಿಮ್ಮಪ್ಪನ ತಂಗಿ ಅವರು. ಬಾಯಲ್ಲಿ ಅಮ್ಮ ಅಂತ ಕರೆದ್ರೆ ಕರೀರಿ, ಯಾರು ಬೇಡ ಅಂದ್ರು? ಕಾರ್ಡಲ್ಲೂ ತಾಯಿ ಅಂತಲೇ ಬರೆಸಿಟ್ಟಿದ್ದೀರಲ್ಲ! ಅದನ್ನ ತೆಗೆಸಿಬಿಡಿ, ಒಂದು ವಾರದಲ್ಲಿ ಬೆಡ್ ಕೊಡಿಸ್ತೀನಿ.”

“ನನ್ನ ಜೀವ ಇರೋವರೆಗೂ ತೆಗೆಸಲ್ಲ!”

“ಆ ಜೀವಾನೂ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮೆಷಿನ್ನಿಗೆ ಹಾಕಿ ಓಡಿಸ್ತಿದ್ದೀರಿ ಭಾವ... ಅದನ್ನೂ ನೆನಪಿಟ್ಕೊಳ್ಳಿ.”

ಪರದೆಯಾಚೆ ಗೋದಾಬಾಯಿ ಕಣ್ಣು ಮುಚ್ಚಿದರು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವರು. ಓದುಬರಹ ಬರದು. ಆದರೆ ನೆನಪು ಮಾತ್ರ ಕಲ್ಲಿನಲ್ಲಿ ಕೊರೆದಂತೆ! ಇಪ್ಪತ್ತೊಂದಕ್ಕೆ ಕುಂಕುಮ ಅಳಿಸಿಕೊಂಡು ಅಣ್ಣ ತಿರುಮಲರಾಯರ ಮನೆಗೆ ಬಂದದ್ದು, ಕೆಲವು ವರ್ಷಗಳ ನಂತರ ಅತ್ತಿಗೆ ರುಕ್ಮಾಬಾಯಿ ಎರಡು ವರ್ಷದ ಮಗುವನ್ನು ಬಿಟ್ಟು ಕಣ್ಮುಚ್ಚಿದ್ದು, ಆ ಮಗು ತಾಯಿಗಾಗಿ ಮೂರು ದಿನ ಅತ್ತು ನಾಲ್ಕನೆಯ ದಿನ ತಮ್ಮ ಸೆರಗನ್ನೇ ಹಿಡಿದು ನಿದ್ದೆಹೋದದ್ದು... ಎಲ್ಲವೂ ತಿಥಿವಾರ ಸಮೇತ ನೆನಪಿತ್ತು. ಕಾರ್ಡು ಬರೆಸುವಾಗ ಗುಮಾಸ್ತ ಸಂಬಂಧವೇನೆಂದು ಕೇಳಿದರೆ, ಅಣ್ಣ ಒಂದು ಗಳಿಗೆ ತಂಗಿಯ ಮುಖ ನೋಡಿ “ಹುಡುಗನ ತಾಯಿ” ಎಂದಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಅಣ್ಣ ತಂಗಿ ಮಾತಾಡಿರಲಿಲ್ಲ. ಮಾತೇಕೆ? ಬಂಗಾರ, ಮನೆ, ಗಂಡ, ಮಕ್ಕಳು ಏನೂ ಇಲ್ಲದ ಹೆಣ್ಣಿಗೆ ಅಂದು ಒಂದು ಆಸ್ತಿ ಸಿಕ್ಕಿತ್ತು. ನಾಳೆ ಪ್ರಾಣ ಹೋದರೆ ಬಾಯಿಗೆ ನೀರು ಬಿಡಲು, ಕೊಳ್ಳಿ ಇಡಲು, ವರ್ಷವರ್ಷ ಪಿಂಡ ಇಡಲು ಚರಣ ಇದ್ದಾನೆ! ನಲವತ್ತೇಳು ವರ್ಷ ಅದೊಂದೇ ಧೈರ್ಯದ ಮೇಲೆ ಆಕೆ ನೆಮ್ಮದಿಯಾಗಿ ಉಸಿರಾಡಿದ್ದರು.

ಅದರ ಮುಂದಿನ ಮಂಗಳವಾರ ಆಗಬಾರದ್ದು ಆಯಿತು. ಗುರುಚರಣ ಡಯಾಲಿಸಿಸ್‌ಗೆ ಹೋಗಿದ್ದ. ಮನೆ ನಡೆಯುತ್ತಿದ್ದುದೇ ಸಂಹಿತಾಳ ಶಾಲೆಯ ಆಫೀಸು ಕೆಲಸದಿಂದ. ಅವಳು ಎಂದಿನಂತೆ ಅತ್ತೆಗೆ ಮೊಸರನ್ನ ತಿನ್ನಿಸಿ, ನೀರು ಕೈಗೆಟಕುವಂತಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದಳು. ಹನ್ನೊಂದಕ್ಕೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಬೆವರಿಗೆ ಜಾರಿದ ರಬ್ಬರ್ ಶೀಟಿನ ಜೊತೆ ಗೋದಾಬಾಯಿಯೂ ಜಾರಿ ನೆಲಕ್ಕೆ ಬಿದ್ದರು. ಕೂಗಲಿಲ್ಲ. ಕೂಗಿದರೂ ಬೀಗ ತೆಗೆಯುವವರು ಯಾರು? ಬಿದ್ದಲ್ಲೇ ಒದ್ದೆಯಾದರು. ಇರುವೆ ಸಾಲುಗಟ್ಟಿ ಬಂದವು. ಕೆಳಗೆ ಬೀದಿಯಲ್ಲಿ ಹೂವಿನವಳು ಯಾರೊಂದಿಗೋ ಜಗಳವಾಡಿ, ನಕ್ಕು, ಬುಟ್ಟಿ ಎತ್ತಿಕೊಂಡು ಹೋದದ್ದೂ ಕೇಳಿಸಿತು.

ನಾಲ್ಕೂವರೆಗೆ ಗುರುಚರಣ ಬಂದ. “ಅಮ್ಮಾ!” ಎಂದು ಚೀರಿ, ಹಿಂದುಮುಂದು ನೋಡದೆ ಎರಡೂ ಕೈಗಳಿಂದ ಎತ್ತಿದ. ಡಯಾಲಿಸಿಸ್ ಸೂಜಿ ಚುಚ್ಚುವ ಆ ಎಡಗೈಯಲ್ಲಿ ಬಿಂದಿಗೆ ಸಹ ಎತ್ತಕೂಡದೆಂದು ಡಾಕ್ಟರು ಹೇಳಿದ್ದರು. ಮಂಚಕ್ಕೆ ಮಲಗಿಸುವಷ್ಟರಲ್ಲಿ ಕೈಯ ಪಟ್ಟಿ ಕೆಂಪಾಯಿತು. ರಕ್ತ ಚಿಮ್ಮಿ ಗೋದಾಬಾಯಿಯವರ ಬಿಳಿ ಸೆರಗಿನ ಮೇಲೆ ಬಿತ್ತು. ಆಗ ತಾನೇ ಒಳಗೆ ಬಂದ ಸಂಹಿತಾ ಕೈಚೀಲ ಎಸೆದು ಗಂಡನ ತೋಳನ್ನು ಅದುಮಿ ಹಿಡಿದಳು.

“ನನ್ನನ್ನೇನಂದ್ಕೊಂಡಿದ್ದೀರಿ ಇಬ್ಬರೂ? ಒಬ್ಬರನ್ನ ಬೀಗ ಹಾಕಿ ಹೋಗ್ತೀನಿ, ಒಬ್ಬರನ್ನ ಮೆಷಿನ್ನಿಗೆ ಕಟ್ಟಿ ಹೋಗ್ತೀನಿ! ಸಾಯಂಕಾಲ ಬೀಗ ತೆಗೆಯೋಕೆ ಮುಂಚೆ ಬಾಗಿಲಿಗೆ ಕಿವಿ ಇಟ್ಟು ಕೇಳ್ತೀನಿ ಅತ್ತೆ... ಇವತ್ತು ಒಳಗೆ ಏನು ನೋಡ್ತೀನೋ ಅಂತ! ಒಂದಿನ... ಒಂದಿನ ನೋಡೇ ನೋಡ್ತೀನಿ!” ಅವಳ ಅಳು ಬಿಕ್ಕಳಿಕೆಯಾಗಿ, ಕೊನೆಗೆ ದನಿಯೇ ಇಲ್ಲದಾಯಿತು.

ಗೋದಾಬಾಯಿ ಸೆರಗಿನ ಮೇಲಿನ ಆ ಕಲೆಯನ್ನೇ ನೋಡುತ್ತಿದ್ದರು. ಸಾಕಿದ ಕೈ ಕಾಯಬೇಕು... ಈಗ ತಾವೇ ಆ ಮಗನ ರಕ್ತ ಹೀರುತ್ತಿದ್ದಾರೆ!

ಮರುದಿನ ಗುರುಚರಣ ಸ್ನಾನಕ್ಕೆ ಹೋದಾಗ ಸೊಸೆಯನ್ನು ಕರೆದರು. “ಸಂಹಿತಾ, ನಿಮ್ಮಣ್ಣ ಹೇಳಿದ್ದು ಮಾಡು.”

“ಅತ್ತೆ, ಅವರಿಗೆ ಗೊತ್ತಾದ್ರೆ...”

“ಕಾರ್ಡಲ್ಲಿ ಮನೆಯೊಡತಿ ನೀನೇ ಅಲ್ವೇ? ನಿನ್ನ ಫೋನಿಗೇ ಬರುತ್ತಂತೆ ನಂಬರು. ರವಿ ಹೇಳ್ತಿದ್ದ, ಕೇಳಿಸ್ಕೊಂಡೆ. ಚರಣ ಬರೋದ್ರೊಳಗೆ ಮುಗಿಸು.”

ಸಂಹಿತಾ ಅಣ್ಣನಿಗೆ ಫೋನು ಮಾಡಿದಳು. ತನ್ನ ಫೋನಿಗೆ ಬಂದ ಆರು ಅಂಕಿಗಳನ್ನು ಒಂದೊಂದಾಗಿ ಓದಿದಳು. ಕೊನೆಯ ಅಂಕಿ ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡಳು. ಸಂಜೆಗೆ ಫೋನು ಟಿಣ್ ಎಂದಿತು. ಮೂವರಿದ್ದ ಕುಟುಂಬ ಇಬ್ಬರದಾಗಿತ್ತು. ಮದುವೆಯಾಗಿ ಹದಿನೆಂಟು ವರ್ಷವಾದರೂ ಆ ಕಾರ್ಡಿಗೆ ಒಂದು ಮಗುವಿನ ಹೆಸರೂ ಸೇರಿರಲಿಲ್ಲ. ಈಗ ಇದ್ದ ಹೆಸರುಗಳಲ್ಲೂ ಒಂದು ಹೋಯಿತು.

ಗುರುವಾರ ವಿಚಾರಣೆಗೆ ಸಮಾಜ ಕಲ್ಯಾಣ ಇಲಾಖೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಗುರುಚರಣ ಡಯಾಲಿಸಿಸ್‌ಗೆ ಹೋಗುವ ದಿನವನ್ನೇ ರವಿಕಿರಣ್ ಗೊತ್ತುಮಾಡಿದ್ದ. ಗೋಡೆಯ ಮೇಲಿದ್ದ ಉಪನಯನದ ಪಟವನ್ನು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಗೋದಾಬಾಯಿಯ ಪಟವನ್ನು, ಬೆಳಿಗ್ಗೆಯೇ ತೆಗೆದು ಮಂಚದಡಿ ತಳ್ಳಿದ್ದ. ಗೋಡೆಯಲ್ಲಿ ಎರಡು ಬೆಳ್ಳನೆಯ ಚೌಕಗಳು ಉಳಿದಿದ್ದವು.

“ಪಾಟಿ, ಪುಳ್ಳೈಂಗ ಇರುಕ್ಕಾಂಗಳಾ?” ಅಜ್ಜಿ, ಮಕ್ಕಳಿದ್ದಾರೆಯೇ ಎಂದು ಅವಳು ತಮಿಳಿನಲ್ಲಿ ಕೇಳಿದಳು.

“ನಾನು ಹೆರಲಿಲ್ಲಮ್ಮ” ಎಂದು ಗೋದಾಬಾಯಿ ತಮಿಳಿನಲ್ಲೇ ಹೇಳಿದರು. ಅದು ಸುಳ್ಳೇನಲ್ಲವಲ್ಲ!

ಆ ಹೆಣ್ಣುಮಗಳು ಕೆಟ್ಟವಳಲ್ಲ. ಓದುಬರಹ ಬಾರದವರಿಗೆ ಎಲ್ಲವನ್ನೂ ಓದಿ ಹೇಳಿಯೇ ಹೆಬ್ಬೆಟ್ಟು ತೆಗೆದುಕೊಳ್ಳಬೇಕೆಂದು ನಿಧಾನವಾಗಿ ಓದತೊಡಗಿದಳು. ಊಟ ಕೊಡಲಾಗುವುದು. ಚಿಕಿತ್ಸೆ ಕೊಡಲಾಗುವುದು. ತುರ್ತು ಸಂದರ್ಭದಲ್ಲಿ ತಿಳಿಸಬೇಕಾದ ಬಂಧುಗಳು, ಇಲ್ಲ. ಮರಣಾನಂತರ ದಹನವನ್ನು ಹೋಮಿನವರೇ ನಡೆಸತಕ್ಕದ್ದು. ದೇಹಕ್ಕೆ ಹಕ್ಕುದಾರರು ಯಾರೂ ಇಲ್ಲ...

“ಇದ್ದೀನಿ!”

ಬಾಗಿಲಲ್ಲಿ ಗುರುಚರಣ ನಿಂತಿದ್ದ. ಯಾರೋ ಕಿವಿಗೆ ಹಾಕಿದ್ದರೋ, ಮನಸ್ಸೇ ತಡೆಯಲಿಲ್ಲವೋ, ಅರ್ಧದಲ್ಲೇ ಎದ್ದು ಬಂದಿದ್ದ. “ಹಕ್ಕುದಾರ ನಾನಿದ್ದೀನಿ ಮೇಡಂ! ಅವರು ನನ್ನ ತಾಯಿ! ನಲವತ್ತೇಳು ವರ್ಷ ನನ್ನನ್ನ ಎದೆ ಮೇಲೆ ಹಾಕ್ಕೊಂಡು ಸಾಕಿದ ತಾಯಿ! ಆ ದೇಹ ನಂದು... ಯಾರಿಗೂ ಕೊಡಲ್ಲ ನಾನು!”

ಪೆನ್ನು ನಿಂತಿತು. ರವಿಕಿರಣ್ ಮುಖ ಕಪ್ಪಿಟ್ಟಿತು. ಆ ಹೆಣ್ಣುಮಗಳು ಮಂಚದ ಕಡೆ ತಿರುಗಿ, “ಪಾಟಿ, ಇವರು ನಿಮ್ಮ ಮಗನಾ?” ಎಂದು ಮೃದುವಾಗಿ ಕೇಳಿದಳು.

ಗೋದಾಬಾಯಿ ಅವನನ್ನು ನೋಡಿದರು. ತೋಳಿನ ಪಟ್ಟಿಯನ್ನು ನೋಡಿದರು. ಒಂದು ಹೌದು ಎಂದರೆ ಸಾಕು, ಇಡೀ ಜನ್ಮ ಸಾರ್ಥಕ! ಆ ಒಂದು ಮಾತಿಗೆ ಅವನ ಆಯುಸ್ಸು ಎಷ್ಟು ಕರಗುವುದೋ...

“ಅವನ ಮಾತು ಬರ್ಕೋಬೇಡಮ್ಮ” ಎಂದರು ಅಲುಗದ ದನಿಯಲ್ಲಿ. “ಅವನ ತಾಯಿ ರುಕ್ಮಾಬಾಯಿ. ಹೋಗಿ ನಲವತ್ತೇಳು ವರ್ಷ ಆಯ್ತು. ಮಾರ್ಗಶಿರ ಬಹುಳ ಷಷ್ಠಿ, ಶನಿವಾರ, ಮಧ್ಯಾಹ್ನ ಎರಡಕ್ಕೆ ಇನ್ನೂ ಸ್ವಲ್ಪ ಇತ್ತು. ಬಲಗೆನ್ನೆ ಮೇಲೆ ಒಂದು ಮಚ್ಚೆ. ಇವನಿಗೂ ಅಲ್ಲೇ ಇದೆ, ನೋಡು. ವರ್ಷಾವರ್ಷ ಅವಳ ಹೆಸರಿಗೇ ಪಿಂಡ ಇಡ್ತಾನೆ, ನನ್ನ ಮುಂದೇನೇ. ನಾನು ಅಡುಗೆ ಮಾಡಿ ಬಡಿಸ್ತೀನಿ. ನಾನು ಇವನಿಗೆ ತಾಯಿ ಹೇಗಾಗ್ತೀನಿ?”

“ಅಮ್ಮಾ... ಬೇಡಮ್ಮಾ...”

“ನಾನು ನಿನ್ನ ಅಮ್ಮ ಅಲ್ಲ ಚರಣಾ. ಜ್ಞಾಪಕ ಸರಿಯಾಗಿಟ್ಕೋ.”

ಗುರುಚರಣ ಗೋಡೆಗೆ ಮುಖ ಮಾಡಿ ಕುಳಿತ. ನೀಲಿ ಮಸಿಯ ಡಬ್ಬಿ ಮುಂದೆ ಬಂತು. ಗೋದಾಬಾಯಿ ಹೆಬ್ಬೆರಳನ್ನು ತಾವೇ ಒತ್ತಿದರು. ಆ ಹೆಣ್ಣುಮಗಳು ಕಾಗದ ಮಡಿಸುತ್ತಾ ಗೋಡೆಯ ಎರಡು ಬೆಳ್ಳನೆಯ ಚೌಕಗಳನ್ನು ಒಂದು ಕ್ಷಣ ನೋಡಿದಳು. ಏನೂ ಕೇಳದೆ ಮೆಟ್ಟಿಲಿಳಿದು ಹೋದಳು.

“ಅಬ್ಬಾ, ಮುದುಕಿ ಬಲೇ ಗಟ್ಟಿ! ಅಳ್ತಾರೇನೋ ಅಂತ ಹೆದರಿದ್ದೆ” ಎಂದು ರವಿಕಿರಣ್ ನಕ್ಕ.

ಸಂಹಿತಾ ಬಾಗಿಲನ್ನು ಪೂರಾ ತೆರೆದು ಹಿಡಿದಳು. “ಅಣ್ಣಾ, ಎದ್ದು ಹೊರಡು. ಇನ್ನು ಈ ಮೆಟ್ಟಿಲು ಹತ್ತಬೇಡ.”

ಸೋಮವಾರ ವ್ಯಾನು ಬಂತು. ಗುರುಚರಣ ಜೊತೆಗೆ ಹೊರಡುವಂತಿರಲಿಲ್ಲ. ಬಂದರೆ ಅಲ್ಲಿಯೂ ಅಮ್ಮಾ ಎಂದು ಕೂಗಿಬಿಡುತ್ತಾನೆ! ಪಕ್ಕದ ಮನೆಯವಳೆಂದು ಹೇಳಿಕೊಂಡು ಸಂಹಿತಾಳೇ ಹೋದಳು. ತಾಂಬರಂ ದಾಟಿ, ರೈಲುಹಳಿಯ ಪಕ್ಕದ ಉದ್ದನೆಯ ಹಾಲಿನಲ್ಲಿ ಹದಿನೆಂಟು ಮಂಚ. ಹದಿನೇಳು ಮಂಚಗಳಿಂದ ಹದಿನೇಳು ಮುಖಗಳು ಬಾಗಿಲ ಕಡೆಗೇ ತಿರುಗಿದವು. ಬಂದವರು ತಮ್ಮವರಲ್ಲವೆಂದು ಕಂಡೊಡನೆ ಮತ್ತೆ ಗೋಡೆಗೆ ತಿರುಗಿಕೊಂಡವು. ಗೋದಾಬಾಯಿಯವರ ಹಾಸಿಗೆಯ ನಡುವೆ, ಹಿಂದೆ ಮಲಗಿದ್ದವರ ಮೈಯ ಗುಳಿ ಇನ್ನೂ ಇತ್ತು. ಆ ಗುಳಿ ಅವರ ಮೈಗೂ ಅಳತೆ ತೆಗೆದಂತೆ ಸರಿಹೋಯಿತು.

ಸಂಹಿತಾ ಕಾಲು ಮುಟ್ಟಲು ಬಗ್ಗಿದಳು. ಆಡಿಸಲು ಬರುತ್ತಿದ್ದ ಒಂದು ಕಾಲನ್ನು ಗೋದಾಬಾಯಿ ಸರಕ್ಕನೆ ಎಳೆದುಕೊಂಡರು.

“ಬೇಡ... ನರ್ಸು ನೋಡ್ತಿದಾಳೆ. ಪಕ್ಕದ ಮನೆಯವರು ಯಾರೂ ಕಾಲಿಗೆ ಬೀಳಲ್ಲ.”

“ಅತ್ತೆ... ನಿಮಗೆ ಏನಾದ್ರೂ ಆದ್ರೆ ನಮಗೆ ಹೇಳೋರು ಯಾರು?”

“ಯಾರೂ ಇಲ್ಲ. ನೀವೂ ಫೋನ್ ಮಾಡಿ ಕೇಳಬೇಡಿ. ಕೇಳೋರು ಇದ್ದಾರೆ ಅಂತಾದ್ರೆ ಈ ಬೆಡ್ ಉಳಿಯಲ್ಲ.”

“ಅವರು ನಿಮ್ಮ ಕರ್ಮ ಮಾಡ್ಬೇಕು ಅಂತ ಹಟ ಹಿಡಿದಿದಾರೆ. ಇದ್ದೀರೋ ಇಲ್ವೋ ಅಂತಲೇ ಗೊತ್ತಿಲ್ದೆ ಹೇಗತ್ತೆ? ಬದುಕಿರೋರ ಹೆಸರು ಹೇಳಿ ಎಳ್ಳುನೀರು ಬಿಡ್ಬಾರ್ದಲ್ಲ!” ಸಂಹಿತಾ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹೊರಗೆ ಎಲೆಕ್ಟ್ರಿಕ್ ರೈಲೊಂದು ಕಿಟಕಿಯ ಸರಳುಗಳನ್ನು ನಡುಗಿಸುತ್ತಾ ಹೋಯಿತು. ಅದು ಪೂರ್ತಿ ಹೋದ ಮೇಲೆ ಗೋದಾಬಾಯಿ ಹೇಳಿದರು.

“ಹೆಸರು ಹೇಳೋದು ಬೇಡ. ಬರೋ ಮಹಾಲಯ ಅಮಾವಾಸ್ಯೆಗೆ ಅವನು ಅಪ್ಪನಿಗೆ ಬಿಡ್ತಾನೆ, ರುಕ್ಮಾಬಾಯಿಗೆ ಬಿಡ್ತಾನೆ, ಎಲ್ಲರಿಗೂ ಬಿಡ್ತಾನೆ. ಎಲ್ಲಾ ಆದ್ಮೇಲೆ ಕಡೇಲಿ ಒಂದು ಬೊಗಸೆ ಇದೆ. ಅಪ್ಪ, ಅಮ್ಮ, ಮಕ್ಕಳು, ನೆಂಟರು ಯಾರೂ ಇಲ್ಲದೆ ಹೋದವರಿಗೆ ಅಂತ. ಅದಕ್ಕೆ ಹೆಸರಿಲ್ಲ, ಗೋತ್ರ ಇಲ್ಲ. ನಮ್ಮಣ್ಣ ಅದನ್ನ ಅವಸರದಲ್ಲಿ ಬಿಟ್ಟು ಏಳ್ತಿದ್ದ. ಚರಣನಿಗೆ ಹೇಳು, ಆ ಬೊಗಸೆ ಮಾತ್ರ ನಿಧಾನವಾಗಿ ಬಿಡಲಿ.”

“ನೀವು ಬದುಕಿದ್ರೆ ಅತ್ತೆ?”

“ಬದುಕಿದ್ರೆ, ಈ ಹಾಸಿಗೇಲಿ ನನಗಿಂತ ಮೊದಲು ಮಲಗಿದ್ದಳಲ್ಲ... ಅವಳಿಗೆ ಸೇರುತ್ತೆ.”