ಗೋರಿಮಣ್ಣಿನ ಆಣೆ

"ಕುಡೀಬೇಡಿ ಡಾಕ್ಟ್ರೇ. ಗೋರಿಮಣ್ಣಿನ ನೀರದು. ಕುಡಿದೋರು ಆಮೇಲೆ ಸುಳ್ಳಾಡಿದ್ರೆ ಬಾಯ್ತುಂಬ ಮಣ್ಣೇ ಬರ್ತದೆ."

ತೋಟದ ಆಸ್ಪತ್ರೆಯಲ್ಲಿ ಚಾಕರಿ ಮಾಡುವ ಗುಲಾಮ ಹೆಂಗಸು ಫಿಬಾ ಇಷ್ಟು ಪಿಸುಗುಟ್ಟಿ ಹಿಂದೆ ಸರಿದಳು. ಡಾಕ್ಟರ್ ಹ್ಯೂ ಕಿನ್‌ಲಾಕ್ ಗಟ್ಟಿಯಾಗಿ ನಕ್ಕ. ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿತು ಜಮೈಕಾದ ಈ ಕಬ್ಬಿನ ತೋಟಕ್ಕೆ ಬಂದು ಅವನಿಗೆ ಐದು ತಿಂಗಳಾಗಿತ್ತು. ಬೆಳಿಗ್ಗೆ ಗುಲಾಮರ ನಾಡಿ ನೋಡುತ್ತಿದ್ದ. ಮಧ್ಯಾಹ್ನ ಕಬ್ಬಿನ ಮೇಲೊಂದು ಮಹಾಕಾವ್ಯ ಬರೆಯುತ್ತಿದ್ದ. ಅದರಲ್ಲಿ ಗುಲಾಮರು ಹಾಡುತ್ತ ಕಬ್ಬು ಕಡಿಯುತ್ತಿದ್ದರು. ಚಾವಟಿಯ ಸುದ್ದಿಯೇ ಇರಲಿಲ್ಲ.

ನಡುಹಗಲು. ಕುದಿಯುವ ಕಬ್ಬಿನ ಹಾಲಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅಂಗಳದಲ್ಲಿ ಇನ್ನೂರು ಜನ ಗುಲಾಮರು, ಅವರ ನಡುವೆ ಕೈಕಟ್ಟಿಸಿಕೊಂಡು ನಿಂತ ಮುದುಕಿ ಮಿಂಬಾ. ಅವಳ ಮಗ ಕ್ವಾಮಿನ ಸತ್ತು ನಾಲ್ಕು ದಿನವಾಗಿತ್ತು. ಮಗನ ಗೋರಿಯ ಮಣ್ಣನ್ನು ರಮ್ಮಿನಲ್ಲಿ, ಕೋಳಿಯ ರಕ್ತದಲ್ಲಿ ಕಲಸಿಟ್ಟ ಸೋರೆಬುರುಡೆ ಅವಳ ಗುಡಿಸಲಲ್ಲಿ ಸಿಕ್ಕಿತ್ತು.

"ನೋಡ್ರೋ, ನಿಮ್ಮಜ್ಜಿ ಮಾಟ ಎಷ್ಟು ರುಚಿಯಾಗಿದೆ!" ಎಂದು ಕಿನ್‌ಲಾಕ್ ಬುರುಡೆ ಎತ್ತಿ ಗಟಗಟ ಕುಡಿದ. ತೋಟದ ಮೇಲ್ವಿಚಾರಕ ಟ್ವೀಡಲ್ ತೊಡೆ ತಟ್ಟಿ ನಕ್ಕ.

ಮಿಂಬಾ ನಗಲಿಲ್ಲ. "ಕುಡಿದ್ಯಾ? ಸರಿ. ಇನ್ಮೇಲೆ ನನ್ನ ಮಗನ ಹೆಸರೆತ್ತುವಾಗ ಹುಷಾರಾಗಿರು."

ಆ ಮಧ್ಯಾಹ್ನ ಅವನು ಕಾವ್ಯಕ್ಕೆ ಕುಳಿತ. 'ಈ ಹೊಲದ ಮಕ್ಕಳು ಸುಖಿಗಳು' ಎಂದು ಬರೆದು ಬಾಯಲ್ಲಿ ಹೇಳಿಕೊಂಡ. ಹಲ್ಲಿನ ನಡುವೆ ಏನೋ ಕರಕರ ಎಂದಿತು. ಉಗಿದ. ಒದ್ದೆ ಕೆಂಪು ಮಣ್ಣು. ಆಗ ತಾನೇ ಅಗೆದ ಗುಂಡಿಯ ತಣ್ಣನೆಯ ನಾತ. ವಾಂತಿಯ ಔಷಧಿ ತೆಗೆದುಕೊಂಡ, ಬಾಯಿ ಚೊಕ್ಕಟವಾಯಿತು. ಹಟಕ್ಕೆ ಬಿದ್ದು ಆ ಸಾಲನ್ನೇ ಮತ್ತೆ ಹೇಳಿದ. ಮತ್ತೆ ಮಣ್ಣು. ಈ ಸಲ ಅದರಲ್ಲೊಂದು ಎರೆಹುಳು ಹೊರಳಾಡುತ್ತಿತ್ತು.

ಮೂರನೆಯ ದಿನ ಮಿಂಬಾಳ ವಿಚಾರಣೆ. ಪಡಸಾಲೆಯಲ್ಲಿ ನ್ಯಾಯಾಧೀಶರಾಗಿ ಕುಳಿತವರು ಸುತ್ತಲಿನ ತೋಟಗಳ ಮೂವರು ದಣಿಗಳೇ. ಬಾಗಿಲಲ್ಲೇ ಟ್ವೀಡಲ್ ಡಾಕ್ಟರನ ತೋಳು ಹಿಡಿದ. "ಮಗನಿಗೆ ವಿಷ ಹಾಕಿದ್ದು ಅವಳೇ ಅಂದ್ಬಿಡಿ ಡಾಕ್ಟ್ರೇ. ಸಂಜೆಗೆ ಮುದುಕಿ ನೇಣಿಗೆ. ನಾವಿಬ್ರೂ ನಿರಾಳ."

"ಕ್ವಾಮಿನ ಹೇಗೆ ಸತ್ತ?" ಒಬ್ಬ ನ್ಯಾಯಾಧೀಶ ಕೇಳಿದ.

"ವಿಷ..."

ಗಂಟಲು ಕಟ್ಟಿತು. ಮಣ್ಣು. ನಾಲಗೆಯ ಕೆಳಗೆ ಮಣ್ಣು. ಕೆಮ್ಮಿದ. ಮೂಗಿನಿಂದಲೂ ಮಣ್ಣು. ಉಸಿರಿಲ್ಲ. ಮಂಡಿಯೂರಿದ. ಕಣ್ಣು ಕತ್ತಲಿಟ್ಟಿತು. ಕತ್ತಲಲ್ಲಿ ಯಾರೋ ಅವನ ಮುಂಗೈ ಹಿಡಿದರು. ತಣ್ಣನೆಯ ಬೆರಳುಗಳು. ನಾಡಿ ನೋಡುತ್ತಿದ್ದವು.

"ಸುಳ್ಳು!" ಎಂದು ಕಿರುಚಿದ. ಗಾಳಿ ನುಗ್ಗಿತು. "ಟ್ವೀಡಲ್ ಅವನನ್ನ ಕಂಬಕ್ಕೆ ಕಟ್ಟಿಸಿ ಹೊಡೆಸಿದ. ನಾನು ನಾಡಿ ಹಿಡಿದು ನಿಂತಿದ್ದೆ. ಇನ್ನೂ ಜೀವ ಇದೆ, ಹೊಡೀರಿ ಅಂದವನು ನಾನು!"

ಕಿಟಕಿಯಾಚೆ ನಿಂತಿದ್ದ ಫಿಬಾ ಆ ಮಾತನ್ನು ಹಾಗೇ ಅಂಗಳಕ್ಕೆ ಕೂಗಿ ಹೇಳಿದಳು.

ಬಿಳಿಯನೊಬ್ಬ ಎಲ್ಲರೆದುರು ಆಡಿದ ಮಾತು, ಮುಚ್ಚಿಹಾಕುವಂತಿರಲಿಲ್ಲ. ಕೊಲೆಯ ಆರೋಪ ಬಿದ್ದುಹೋಯಿತು. ಮಾಟ ಮಾಡಿದ್ದಕ್ಕೆ ಮಿಂಬಾಳನ್ನು ಹಡಗು ಹತ್ತಿಸಿ ದ್ವೀಪದಾಚೆ ಸಾಗಿಸಬೇಕೆಂದು ತೀರ್ಪಾಯಿತು. ಟ್ವೀಡಲನಿಗೆ ಏನೂ ಆಗಲಿಲ್ಲ.

ಕಿನ್‌ಲಾಕ್ ತೆವಳಿಕೊಂಡು ಬಂದು ಅವಳ ಲಂಗದ ಅಂಚು ಹಿಡಿದ. "ತೆಗಿ ತಾಯಿ, ಇದನ್ನ ತೆಗಿ."

"ತೆಗಿಯೋಕೆ ಬರ್ತದೆ," ಎಂದಳು ಮಿಂಬಾ, ಬಟ್ಟೆ ಬಿಡಿಸಿಕೊಳ್ಳುತ್ತ. "ತೆಗಿಯಲ್ಲ."

ಆಮೇಲೆ ಅವನು ಒಂದು ಸಾಲೂ ಬರೆಯಲಿಲ್ಲ. ಬಾಯಿ ತೆರೆಯಲೂ ಹೆದರಿ, ಮೂಗನಂತೆಯೇ ಬದುಕಿದ.

ಮಿಂಬಾಳನ್ನು ಎತ್ತಿನ ಗಾಡಿಗೆ ಹತ್ತಿಸುವಾಗ ಕೆಲಸಕ್ಕೆ ಕರೆಯುವ ಶಂಖ ಊದಿದರು. ಅಂಗಳದಲ್ಲಿ ಕುಳಿತಿದ್ದ ಇನ್ನೂರು ಜನರಲ್ಲಿ ಒಬ್ಬರೂ ಏಳಲಿಲ್ಲ. ಟ್ವೀಡಲ್ ಚಾವಟಿ ಬಿಚ್ಚಿ ಕೂಗಿದ. ಶಂಖ ಇನ್ನೊಮ್ಮೆ ಮೊಳಗಿತು. ಫಿಬಾ ಅವನ ಕಣ್ಣಲ್ಲೇ ಕಣ್ಣಿಟ್ಟು, ಅವರ ನಡುವೆ ಕಾಲು ಚಾಚಿ ಕುಳಿತುಕೊಂಡಳು.