ಕಳ್ಳನ ಜೊತೆ ಚೌಕಾಸಿ

ಕಳ್ಳ ಬಂದಿದ್ದು ಹಾಡಹಗಲೇ. ಇಸ್ತ್ರಿ ಮಾಡಿದ ಶರ್ಟು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಹೆಸರು ಬಸವೇಶ್, ಚಿತ್ರದುರ್ಗದವನು. ನಮ್ಮ ಹಿರಿಯೂರಿನ ಎಣ್ಣೆ ಮಿಲ್ಲಿನ ಓನರ್ ಪ್ರಸನ್ನಕುಮಾರ್ ಅವರೇ ಫೀಸು ಕೊಟ್ಟು ಕರೆಸಿದ್ದರು.

“ಇವತ್ತು ನಾನು ನಿಮ್ಮ ಕಂಪ್ಯೂಟರ್ ಎಲ್ಲಾ ಲಾಕ್ ಮಾಡ್ದಂಗೆ ನಾಟಕ. ಬಿಡಾಕೆ ದುಡ್ಡು ಕೇಳ್ತೀನಿ,” ಎಂದ. “ನಿಮ್ಮ ಕಂಪ್ಯೂಟರ್ ನೋಡ್ಕಳೋ ಶಿವು ಬ್ಯಾಕಪ್‌ನಿಂದ ಎಲ್ಲಾ ವಾಪಸ್ ತರೋ ತನಕ ಒಬ್ರು ನನ್ನ ಮಾತಲ್ಲೇ ಹಿಡಿದಿಟ್ಕಬೇಕು. ನಾಳೆ ನಿಜವಾಗ್ಲೂ ಸೈಬರ್ ದಾಳಿ ಆದ್ರೆ ಗಾಬರಿ ಆಗಬಾರ್ದು ನೋಡ್ರಿ.”

“ಮೌನಿಕಾ ಮೇಡಂ ಬಾಯಿಗೆ ಸಿಕ್ಕಿದ್ರೆ ಕಳ್ಳ ಊರೇ ಬಿಡ್ತಾನೆ ಬಿಡ್ರಿ,” ಎಂದ ಶಿವು. ಎಲ್ಲರೂ ನಕ್ಕರು.

ಬಾಯಿ ಜೋರು, ನಿಜ. ಆಫೀಸು ಬಿಟ್ಟರೆ ಅದಕ್ಕೆ ಕೆಲಸವೇ ಇಲ್ಲವೆಂದು ಇವರಿಗೇನು ಗೊತ್ತು? ಅಮ್ಮ ಹೋದಮೇಲೆ ಬಾಡಿಗೆ ರೂಮಿನಲ್ಲಿ ನಾನೊಬ್ಬಳೇ.

ಬಸವೇಶ್ ಪಕ್ಕದ ರೂಮು ಸೇರಿದ. ನಡುವೆ ಗಾಜಿನ ಗೋಡೆ. ಫೋನಿನಲ್ಲಿ ಚಾಟ್ ಶುರುವಾಯಿತು.

“ದುಡ್ಡು ಹಾಕ್ರಿ. ಇಲ್ಲಾಂದ್ರೆ ಎಲ್ಲಾ ಅಳಿಸ್ತೀನಿ.”

“ಅಯ್ಯೋ, ಓನರ್ ಸ್ನಾನಕ್ಕೆ ಹೋಗವ್ರೆ. ಚೂರು ತಡ್ಕಳ್ರಿ.”

“ಮಧ್ಯಾಹ್ನ ಆತು, ಇನ್ನೂ ಸ್ನಾನನಾ?”

“ದೊಡ್ಡ ಮನುಷ್ಯರು. ಮೈ ಬೇರೆ ದೊಡ್ಡದೈತೆ.”

ಗಾಜಿನಾಚೆ ಅವನು ನಗು ತಡೆಯಲು ಹೋಗಿ ಕೆಮ್ಮಿದ. ಕಣ್ಣೆತ್ತಿ ನನ್ನತ್ತ ನೋಡಿದ. ನಾನು ಫ್ಯಾನು ನೋಡಿದೆ.

“ಕಳ್ಳರೇ, ಊಟ ಆತಾ?”

“ಇಲ್ಲ ಮೇಡಂ. ಊರೂರು ತಿರುಗ್ತೀನಿ, ಎಲ್ಲಾ ಕಡೆ ಬೈತಾರೆ. ಊಟ ಕೇಳಿದ್ದು ನೀವೊಬ್ರೇ.”

ಅದು ನಾಟಕದ ಮಾತಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶಿವು ಬಂದು, “ಎಲ್ಲಾ ವಾಪಸ್ ಬಂತು ಮೇಡಂ, ಮುಗಿಸ್ರಿ,” ಎಂದ. ತಲೆಯಾಡಿಸಿದೆ. ಮುಗಿಸಲಿಲ್ಲ. ಮುಗಿಸಿದರೆ ಅವನು ಚಿತ್ರದುರ್ಗದ ಬಸ್ಸು ಹತ್ತುತ್ತಾನೆ, ನಾನು ರೂಮಿನ ಬೀಗ ತೆಗೆಯುತ್ತೇನೆ, ಅಷ್ಟೇ. ಲಾಡ್ಜಿನ ಸೊಳ್ಳೆಯಿಂದ ಹಿಡಿದು ಅಮ್ಮನ ಕೈಯ ಉಪ್ಪಿನಕಾಯಿವರೆಗೆ ಮಾತಾಡಿದೆವು. ದುಡ್ಡಿನ ಸುದ್ದಿ ಇಬ್ಬರಿಗೂ ಮರೆತೇಹೋಗಿತ್ತು.

ಓನರ್ ಬಾಗಿಲು ತಳ್ಳಿಕೊಂಡು ಬಂದರು. “ಏನಮ್ಮ ಮೌನಿಕಾ! ಶಿವು ಯಾವಾಗ್ಲೋ ಮುಗೀತು ಅಂದ. ಇನ್ನೂ ಯಾರ ಜೊತೆ ಚೌಕಾಸಿ?”

ನಾಚಿಕೆಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಬಸವೇಶ್ ಬ್ಯಾಗು ಹಾಕಿಕೊಂಡು ಹೊರಬಂದ.

“ಶಿವು ನಂಗೂ ಆವಾಗ್ಲೇ ಹೇಳಿದ್ರು ಸಾರ್,” ಎಂದ. “ನಾನೂ ನಿಲ್ಲಿಸ್ಲಿಲ್ಲ.”

ಓನರ್ ನಮ್ಮಿಬ್ಬರನ್ನೂ ನೋಡಿ, ಗಂಟಲು ಸರಿಮಾಡಿಕೊಂಡು ಹೊರಟುಹೋದರು.

ಅಷ್ಟು ಹೊತ್ತು ಹರಟಿದ ನನ್ನ ಬಾಯಿ ಒಣಗಿತು. ಇವನೂ ಹೋಗಿಬಿಡುತ್ತಾನೆ ಎನ್ನುವ ಹೆದರಿಕೆಗೇ ಮಾತು ಹೊರಬಿತ್ತು.

“ನಂಗೆ ಯಾರೂ ಇಲ್ಲ ಬಸವೇಶ್. ಭಾನುವಾರ ಬಂತಂದ್ರೆ ಹಾಲಿನೋನ ಬಿಟ್ರೆ ಮಾತಾಡೋರೇ ಇರಲ್ಲ. ಇವತ್ತು ನಿಮ್ಮಿಂದ ಜೀವ ಬಂದಂಗಾತು. ಭಾನುವಾರ ಬರ್ತೀರಾ?”

ಅವನು ಬ್ಯಾಗು ಕೆಳಗಿಟ್ಟ. ಕಣ್ಣು ತುಂಬಿತ್ತು.

“ಇವತ್ತಿನ್ನೂ ಮಂಗಳವಾರ,” ಎಂದ. “ಅಲ್ಲಿ ತನಕ ನಾನೇನ್ ಮಾಡ್ಲಿ?”